ಅಡುಗೆ ಕಟ್ಟೆಗೆ ಯಾವ ಕಲ್ಲು ಹಾಕಿಸೋಣ? ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಕಟ್ಟಿಸುವವರು ತಲೆಬಾಗಿಲಿನ ಬಗ್ಗೆ ತಿಂಗಳುಗಟ್ಟಲೆ ಮಾತಾಡುತ್ತಾರೆ. ಅಡುಗೆ ಕಟ್ಟೆಯ ಕಲ್ಲನ್ನು ಮಾತ್ರ ಒಂದು ಮಧ್ಯಾಹ್ನ ಅಂಗಡಿಗೆ ಹೋಗಿ, ಬಣ್ಣ ನೋಡಿ, ಆರಿಸಿ ಬಂದುಬಿಡುತ್ತಾರೆ. ದಿನಕ್ಕೆ ನೂರು ಸಲ ಕೈ ತಾಗುವ ಜಾಗ ಅದು. ಒಮ್ಮೆ ಕೂಡಿಸಿದ ಮೇಲೆ ಸುಲಭಕ್ಕೆ ತೆಗೆಸಲೂ ಆಗುವುದಿಲ್ಲ. ಅದಕ್ಕೇ ನಮ್ಮ ಭಾಗದ ನೀರು, ಮಣ್ಣು, ಅಡುಗೆ ಮೂರನ್ನೂ ಲೆಕ್ಕಕ್ಕೆ ಹಿಡಿದು ಈ ಉತ್ತರಗಳನ್ನು ಬರೆದಿದ್ದೇನೆ.

ಸುತ್ತಿಬಳಸದೆ ಹೇಳಿ, ಯಾವ ಕಲ್ಲು ಹಾಕಿಸಲಿ?

ದಿನಾ ಎರಡು ಹೊತ್ತು ಅಡುಗೆ ನಡೆಯುವ, ರೊಟ್ಟಿ ಬಡಿಯುವ, ಒಗ್ಗರಣೆ ಸಿಡಿಯುವ ಮನೆಗೆ ಗ್ರಾನೈಟ್. ಅದರಲ್ಲೂ ತೀರಾ ಕಪ್ಪೂ ಅಲ್ಲದ, ತೀರಾ ಬಿಳಿಯೂ ಅಲ್ಲದ, ಮೈತುಂಬ ಚುಕ್ಕೆ ಇರುವ ನಡುಬಣ್ಣದ ಕಲ್ಲು. ಉಳಿದವು ಕೆಟ್ಟವು ಅಂತಲ್ಲ. ಆದರೆ ಬೇರೆ ಯಾವುದನ್ನು ಹಾಕಿಸಿದರೂ ಅದರ ಮರ್ಜಿ ಹಿಡಿದು ನೀವು ಅಡುಗೆ ಮಾಡಬೇಕಾಗುತ್ತದೆ. ಗ್ರಾನೈಟ್ ಆದರೆ ನಿಮ್ಮ ಅಡುಗೆ ಹೇಗಿದೆಯೋ ಹಾಗೇ ನಡೆಯುತ್ತದೆ.

ಮಾರ್ಬಲ್ ಕೂಡ ಕಲ್ಲೇ ಅಲ್ವಾ? ಅದಕ್ಕೆ ಯಾಕೆ ಬೇಡ ಅಂತೀರಿ?

ಎರಡು ಕಾರಣ ಇವೆ. ಒಂದು ಗಟ್ಟಿತನ. ಕಲ್ಲಿನ ಗಟ್ಟಿತನವನ್ನು ಮೋಸ್ ಅಳತೆಯಲ್ಲಿ 1ರಿಂದ 10ರವರೆಗೆ ಅಳೆಯುತ್ತಾರೆ. ಗ್ರಾನೈಟ್ 6ರಿಂದ 7ರ ಹತ್ತಿರ ಬರುತ್ತದೆ, ಮಾರ್ಬಲ್ 3ರ ಹತ್ತಿರ. ಅಡುಗೆಮನೆಯ ಚಾಕು ಇವೆರಡರ ನಡುವೆ. ಹಾಗಾಗಿ ಚಾಕು ಮಾರ್ಬಲ್ ಮೇಲೆ ಗೀರು ಬಿಡುತ್ತದೆ, ಗ್ರಾನೈಟ್ ಮೇಲೆ ಚಾಕುವೇ ಮೊಂಡಾಗುತ್ತದೆ.

ಇನ್ನೊಂದು ಹುಳಿ, ಇದೇ ದೊಡ್ಡದು. ಮಾರ್ಬಲ್ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದ ಕುಲದ ಕಲ್ಲು. ಹುಳಿ ಬಿದ್ದರೆ ಅದು ಕರಗುತ್ತದೆ. ನಮ್ಮ ಅಡುಗೆಯಲ್ಲಿ ಹುಳಿ ಇಲ್ಲದ ದಿನ ಯಾವುದು ಹೇಳಿ? ಹುಣಸೆಹಣ್ಣಿನ ರಸ, ಟೊಮೆಟೊ, ಮೊಸರು, ಲಿಂಬೆಹಣ್ಣು. ಹುಳಿ ನಿಂತ ಜಾಗದಲ್ಲಿ ಪಾಲಿಶ್ ಹೋಗಿ ಮಬ್ಬು ಮಚ್ಚೆ ಉಳಿಯುತ್ತದೆ. ಅದು ಕಲೆ ಅಲ್ಲ, ಕಲ್ಲೇ ಸವೆದದ್ದು. ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಮತ್ತೆ ಮಶಿನ್ ಪಾಲಿಶೇ ಗತಿ. ದೇವರ ಮನೆಗೆ ಮಾರ್ಬಲ್ ಹಾಕಿಸಿ, ಚೆಂದ ಕಾಣುತ್ತದೆ. ಒಲೆಯ ಪಕ್ಕಕ್ಕೆ ಬೇಡ.

ಅಂಗಡಿಯವರು ಎಲ್ಲ ಕಲ್ಲಿಗೂ "ಏನೂ ಆಗಲ್ಲ ಸರ್" ಅಂತಾರೆ. ನಿಜ ಗೊತ್ತು ಮಾಡಿಕೊಳ್ಳುವುದು ಹೇಗೆ?

ನೀವು ಮೆಚ್ಚಿದ ಕಲ್ಲಿನ ಅಂಗೈ ಅಗಲದ ಚೂರು ಕೇಳಿ ಮನೆಗೆ ತನ್ನಿ. ಯಾರ್ಡ್‌ನಲ್ಲಿ ಇಂಥ ತುಂಡುಗಳು ಬೇಕಾದಷ್ಟು ಬಿದ್ದಿರುತ್ತವೆ, ಸುಮ್ನೆ ಕೊಡುತ್ತಾರೆ. ರಾತ್ರಿ ಮಲಗುವ ಮುಂಚೆ ಅದರ ಪಾಲಿಶ್ ಮೈ ಮೇಲೆ ನಾಲ್ಕು ಕಡೆ ನಾಲ್ಕು ಹನಿ ಹಾಕಿ: ಲಿಂಬೆರಸ, ಹುಣಸೆರಸ, ಅರಿಷಿಣ ಕಲಸಿದ ಶೇಂಗಾ ಎಣ್ಣೆ, ಬರೀ ನೀರು.

ನೀರಿನ ಹನಿಯನ್ನು ಮಾತ್ರ ಅಲ್ಲೇ ನಿಂತು ನೋಡಿ. ಹತ್ತು ಹದಿನೈದು ನಿಮಿಷದಲ್ಲಿ ಹನಿಯ ಕೆಳಗೆ ಕಲ್ಲು ಕಪ್ಪಾದರೆ ಅದು ನೀರು ಕುಡಿಯುತ್ತದೆ ಅಂತ ಅರ್ಥ. ನೀರು ಕುಡಿಯುವ ಕಲ್ಲು ಎಣ್ಣೆಯನ್ನೂ ಕುಡಿಯುತ್ತದೆ. ಬೆಳಿಗ್ಗೆ ತೊಳೆದು, ಒರೆಸಿ, ಒಣಗಿದ ಮೇಲೆ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಲಿಂಬೆರಸ ಇದ್ದ ಕಡೆ ಹೊಳಪು ಹೋಗಿದ್ದರೆ ಆ ಕಲ್ಲಿನಲ್ಲಿ ಸುಣ್ಣದ ಅಂಶ ಇದೆ. ಎಣ್ಣೆ ಇದ್ದ ಕಡೆ ಹಳದಿ ಉಳಿದಿದ್ದರೆ ಸೀಲರ್ (ಕಲ್ಲು ನೀರು, ಎಣ್ಣೆ ಕುಡಿಯದಂತೆ ಹಚ್ಚುವ ದ್ರಾವಣ) ಹಾಕಿಸದೆ ನಡೆಯುವುದಿಲ್ಲ. ನಾಲ್ಕೂ ಕಡೆ ಏನೂ ಕಾಣದಿದ್ದರೆ ಧೈರ್ಯವಾಗಿ ಮುಂಗಡ ಕೊಡಿ. ದುಡ್ಡು ಕೊಡುವ ಮುಂಚೆ ಇದೊಂದು ಕೆಲಸ ಮಾಡಿ ಅಂತ ಕೈ ಮುಗಿದು ಕೇಳುತ್ತೇನೆ.

ನಮ್ಮ ಹಳೆ ಮನೆಯಲ್ಲಿ ಶಹಾಬಾದ್, ಕಡಪ ಕಲ್ಲಿನ ಕಟ್ಟೆ ಇತ್ತು. ಈಗಲೂ ಹಾಕಿಸಬಹುದಾ?

ಹಾಕಿಸಬಹುದು. ಖರ್ಚು ಕಡಿಮೆ. ಕಲಬುರ್ಗಿ ಜಿಲ್ಲೆಯ ಶಹಾಬಾದ್ ಕಲ್ಲು, ಆಂಧ್ರದ ಕಡಪ ಕಲ್ಲು ಎರಡೂ ಸುಣ್ಣದ ಕಲ್ಲುಗಳೇ. ಆದ್ದರಿಂದ ಮಾರ್ಬಲ್ ವಿಷಯದಲ್ಲಿ ಹೇಳಿದ ಹುಳಿಯ ಕಾಟ ಇವಕ್ಕೂ ಇದೆ. ಕಡಪ ಕಲ್ಲು ಪದರ ಪದರವಾಗಿ ಬೆಳೆದದ್ದು, ಅಂಚಿನಲ್ಲಿ ಪೆಟ್ಟು ಬಿದ್ದರೆ ಪದರ ಎದ್ದು ಬರುತ್ತದೆ. ಕಪ್ಪು ಬಣ್ಣ ಬರುಬರುತ್ತಾ ಬೂದಿಯಾಗುತ್ತದೆ. ಹಿರಿಯರು ಆಗಾಗ ಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದದ್ದು ಅದಕ್ಕೇ.

ಕಡಪ ಕಲ್ಲಿನ ನಿಜವಾದ ಜಾಗ ಕಟ್ಟೆಯ ಕೆಳಗೆ. ಸಿಲಿಂಡರ್ ಇಡುವ ಖಾನೆ, ಡಬ್ಬಿ ಇಡುವ ಅರೆ, ನಡುವಿನ ನಿಲುವು ಗೋಡೆಗಳು, ಗ್ರಾನೈಟ್ ಅಡಿಯ ಹಾಸು, ಇವಕ್ಕೆಲ್ಲ ಕಡಪ ಚೆನ್ನಾಗಿ ಒಗ್ಗುತ್ತದೆ. ಗೆದ್ದಲು ಹತ್ತುವುದಿಲ್ಲ, ನೀರಿಗೆ ಉಬ್ಬುವುದಿಲ್ಲ. ಪ್ಲೈವುಡ್ ಖಾನೆಗಿಂತ ಇದೇ ಜಾಸ್ತಿ ವರ್ಷ ಬರುತ್ತದೆ ಅಂತ ನಾನು ನಂಬಿದ್ದೇನೆ.

ಗ್ರಾನೈಟ್ ತರೋಕೆ ಇಳಕಲ್ಲಿಗೇ ಹೋಗಬೇಕಾ?

ಗದಗ, ಗಜೇಂದ್ರಗಡ, ರೋಣದ ಕಡೆಯವರು ಇಡೀ ಮನೆಗೆ ಕಲ್ಲು ಕೊಳ್ಳುವುದಿದ್ದರೆ ಒಮ್ಮೆ ಹೋಗಿ ನೋಡಿ ಬನ್ನಿ. ಇಳಕಲ್, ಕುಷ್ಟಗಿ ಸುತ್ತ ಸಿಗುವ ಗುಲಾಬಿ, ಕೆಂಪು, ಬೂದು ಬಣ್ಣದ ಕಲ್ಲಿಗೆ ಹೊರದೇಶದಲ್ಲೂ ಗಿರಾಕಿ ಇದ್ದಾರೆ. ಮೈಯಲ್ಲಿ ಅಲೆಯಂಥ ಪಟ್ಟೆ ಇರುತ್ತದೆ, ಕಲೆ ಎದ್ದು ಕಾಣುವುದಿಲ್ಲ. ಆದರೆ ಅಡುಗೆ ಕಟ್ಟೆಗೆ ಮಾತ್ರ ಅಂದರೆ ಬೇಕಾಗುವುದು ಮೂವತ್ತು ನಲವತ್ತು ಚದರ ಅಡಿ. ಅಷ್ಟಕ್ಕೆ ಗಾಡಿ ಬಾಡಿಗೆ, ಹಮಾಲಿ, ದಾರಿಯಲ್ಲಿ ಒಡೆದರೆ ಯಾರ ಪಾಲು ಅನ್ನುವ ಜಗಳ, ಎಲ್ಲ ಸೇರಿಸಿದರೆ ಹುಬ್ಬಳ್ಳಿಯಲ್ಲೇ ಕೊಳ್ಳುವುದು ಮೇಲು.

ಕರ್ನಾಟಕದ ಕಪ್ಪು ಕಲ್ಲು ಬೇಕೆಂದರೆ ಚಾಮರಾಜನಗರದ್ದು ಹೆಸರಾದದ್ದು. ಕಪ್ಪಿನ ಮೇಲೆ ಬಂಗಾರದ ಚುಕ್ಕೆ ಇರುವ ಬ್ಲ್ಯಾಕ್ ಗ್ಯಾಲಕ್ಸಿ ಬರುವುದು ಆಂಧ್ರದ ಚೀಮಕುರ್ತಿಯಿಂದ.

ಕಪ್ಪು ಗ್ರಾನೈಟ್ ಹಾಕಿಸಿದ್ದೇವೆ. ಎಷ್ಟು ಒರೆಸಿದರೂ ಬಿಳಿ ಬಿಳಿ ಕಲೆ. ಕಲ್ಲು ಕೆಟ್ಟಿದೆಯಾ?

ಕಲ್ಲು ಕೆಟ್ಟಿಲ್ಲ, ಅದು ನೀರಿನ ಕಲೆ. ನಮ್ಮ ಕಡೆ ನಳದ ನೀರು ದಿನಾ ಬರುವ ಓಣಿಗಳು ಕಡಿಮೆ. ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆಯ ನೀರು ಬರುತ್ತದೆ ನಿಜ, ಆದರೆ ನಡುವಿನ ದಿನಗಳಲ್ಲಿ ಪಾತ್ರೆ ತೊಳೆಯಲು ಬೋರ್ ನೀರೇ ಆಸರೆ. ಗದಗ ಕಡೆ ಬೋರ್ ನೀರು ಇನ್ನೂ ಸವಳು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣ ಜಾಸ್ತಿ. ಕಟ್ಟೆ ಮೇಲಿನ ನೀರು ಆರಿದ ಮೇಲೆ ಲವಣ ಅಲ್ಲೇ ಉಳಿದು ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಬೂದು ಕಲ್ಲಿನ ಮೇಲೂ ಅದು ಅಷ್ಟೇ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೇ. ಕಪ್ಪಿನ ಮೇಲೆ ಒಂದೊಂದು ಹನಿಯ ಗುರುತೂ ಉಂಗುರದ ಹಾಗೆ ಎದ್ದು ಕಾಣುತ್ತದೆ.

ನಿಮ್ಮ ಮನೆಗೆ ಬೋರ್ ನೀರೇ ಗತಿ ಅಂತಿದ್ದರೆ ಕನ್ನಡಿಯಂತೆ ಹೊಳೆಯುವ ಕಡುಕಪ್ಪು ಬೇಡ. ಕಪ್ಪೇ ಬೇಕು ಅನ್ನುವವರು ಲೆದರ್ ಫಿನಿಶ್ ಕೇಳಿ. ಅದರ ಮೈ ಸ್ವಲ್ಪ ಉಬ್ಬುತಗ್ಗು, ಹೊಳಪು ಕಡಿಮೆ, ಬೆರಳಿನ ಗುರುತು ಮತ್ತು ನೀರಿನ ಗುರುತು ಅಷ್ಟಾಗಿ ಕಾಣುವುದಿಲ್ಲ.

ಈಗಾಗಲೇ ಹಾಕಿಸಿದ್ದರೆ? ಒಂದು ಪಾಲು ಬಿಳಿ ವಿನೆಗರ್, ಒಂದು ಪಾಲು ನೀರು ಸೇರಿಸಿ ಬಟ್ಟೆಯಿಂದ ಹಚ್ಚಿ. ಎರಡು ಮೂರು ನಿಮಿಷ ಬಿಟ್ಟು ಮೆತ್ತಗೆ ತಿಕ್ಕಿ, ಚೆನ್ನಾಗಿ ತೊಳೆದು ಒಣಬಟ್ಟೆಯಿಂದ ಒರೆಸಿ. ಮೊದಲು ಮೂಲೆಯಲ್ಲಿ ಸ್ವಲ್ಪ ಹಚ್ಚಿ ನೋಡುವುದು ಒಳ್ಳೆಯದು. ಇದು ಗ್ರಾನೈಟ್‌ಗೆ ಮಾತ್ರ. ಮಾರ್ಬಲ್, ಕಡಪ, ಶಹಾಬಾದ್ ಮೇಲೆ ವಿನೆಗರ್ ಹಾಕಲೇಬೇಡಿ. ಬಚ್ಚಲು ತೊಳೆಯುವ ಆ್ಯಸಿಡ್ ಅಂತೂ ಯಾವ ಕಲ್ಲಿಗೂ ಬೇಡ.

ಅವ್ವ ದಿನಾ ಜೋಳದ ರೊಟ್ಟಿ ಬಡಿಯುತ್ತಾಳೆ. ಕಟ್ಟೆ ಎತ್ತರ ಎಷ್ಟಿರಬೇಕು?

ಈ ಪ್ರಶ್ನೆಗೆ ಕಲ್ಲಿನ ಆಯ್ಕೆಗಿಂತ ಜಾಸ್ತಿ ಬೆಲೆ ಇದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಗೌಂಡಿಗಳು ಸಾಮಾನ್ಯವಾಗಿ 32ರಿಂದ 34 ಇಂಚು ಹಿಡಿದು ಕಟ್ಟಿಬಿಡುತ್ತಾರೆ. ಯಾರ ಎತ್ತರ ಎಷ್ಟು ಅಂತ ಕೇಳುವುದಿಲ್ಲ. ಕೊನೆಗೆ ದಿನಾ ಅಡುಗೆ ಮಾಡುವವರ ಹೆಗಲು ನೋಯುತ್ತದೆ.

ಅಳತೆ ಹೀಗೆ ತೆಗೆಯಿರಿ. ಅಡುಗೆ ಮಾಡುವವರು ಚಪ್ಪಲಿ ಬಿಟ್ಟು ನೆಟ್ಟಗೆ ನಿಂತು ಮೊಣಕೈ ಮಡಚಲಿ. ನೆಲದಿಂದ ಮೊಣಕೈವರೆಗೆ ಅಳೆದು ಅದರಲ್ಲಿ ನಾಲ್ಕೈದು ಇಂಚು ಕಳೆಯಿರಿ. ಕಾಯಿಪಲ್ಯೆ ಹೆಚ್ಚುವುದಕ್ಕೆ ಅದು ಸರಿಯಾದ ಎತ್ತರ. ರೊಟ್ಟಿ ಬಡಿಯುವುದಕ್ಕೆ ಇಷ್ಟು ಸಾಲದು, ಇನ್ನೂ ತಗ್ಗಬೇಕು. ಹಿಟ್ಟು ನಾದುವಾಗ ಮೈಭಾರವೆಲ್ಲ ಅಂಗೈಗೆ ಬರಬೇಕು. ಬಡಿಯುವಾಗ ಕೈ ಮೇಲಿಂದ ಕೆಳಕ್ಕೆ ಸಲೀಸಾಗಿ ಬೀಳಬೇಕು. ಕಟ್ಟೆ ಎತ್ತರವಾದರೆ ಹೆಗಲು ಎತ್ತಿ ಎತ್ತಿ ಬಡಿಯಬೇಕಾಗುತ್ತದೆ, ಹತ್ತು ರೊಟ್ಟಿ ಆಗುವಷ್ಟರಲ್ಲಿ ಕತ್ತು ಹಿಡಿದುಕೊಳ್ಳುತ್ತದೆ.

ಇದಕ್ಕೆ ಒಳ್ಳೆಯ ದಾರಿ ಅಂದರೆ ಎರಡು ಎತ್ತರದ ಕಟ್ಟೆ. ಒಂದು ತುದಿಯಲ್ಲಿ ಎರಡೂವರೆ ಅಡಿ ಅಗಲದಷ್ಟು ಜಾಗವನ್ನು ಉಳಿದದ್ದಕ್ಕಿಂತ ನಾಲ್ಕು ಇಂಚು ತಗ್ಗಿಸಿ ಕಟ್ಟಿಸಿ. ಅದೇ ರೊಟ್ಟಿ ಜಾಗ, ಅದರ ಪಕ್ಕದಲ್ಲೇ ಒಲೆ. ಬಡಿದ ರೊಟ್ಟಿ ಎತ್ತಿ ಹಂಚಿಗೆ ಹಾಕಲು ಹೆಜ್ಜೆ ಕಿತ್ತಿಡಬೇಕಾಗಿಲ್ಲ. ಆ ಭಾಗಕ್ಕೆ ಕನ್ನಡಿ ಪಾಲಿಶ್ ಇರುವ ಗ್ರಾನೈಟೇ ಹಾಕಿಸಿ. ಒಣಹಿಟ್ಟು ಉದುರಿಸಿದರೆ ರೊಟ್ಟಿ ಅದರ ಮೇಲೆ ಅಂಟದೆ ತಿರುಗುತ್ತದೆ, ಆಮೇಲೆ ಒರೆಸುವುದೂ ಸುಲಭ. ಲೆದರ್ ಫಿನಿಶ್ ಇಲ್ಲಿ ಬೇಡ, ತಗ್ಗಿನಲ್ಲಿ ಹಿಟ್ಟು ಕೂರುತ್ತದೆ. ತಗ್ಗಿಸಿ ಕಟ್ಟಲು ಜಾಗ ಇಲ್ಲದಿದ್ದರೆ, ಕುಳಿತು ಬಡಿಯುವವರಿಗೆ ಅದೇ ಗ್ರಾನೈಟಿನ ಒಂದು ತುಂಡನ್ನು ನಾಲ್ಕೂ ಅಂಚು ಗುಂಡಗೆ ತಿಕ್ಕಿಸಿ ಕೊಡಿ.

ಗ್ಯಾಸ್ ಒಲೆಯದ್ದೇ ನಾಲ್ಕೈದು ಇಂಚು ಎತ್ತರ ಇರುತ್ತದೆ, ಅದರ ಮೇಲೆ ಪಾತ್ರೆ. ಗಿಡ್ಡ ಇರುವವರಿಗೆ ದೊಡ್ಡ ಪಾತ್ರೆಯ ಒಳಗೆ ಇಣುಕಲೂ ಕಷ್ಟವಾಗುತ್ತದೆ. ಅಂಥವರು ಒಲೆ ಇಡುವ ಕಡೆಯನ್ನೂ ತಗ್ಗಿಸಬಹುದು.

ಕ್ವಾರ್ಟ್ಜ್ ಅಂತ ಹೊಸದು ಬಂದಿದೆ. ಗ್ರಾನೈಟ್‌ಗಿಂತ ಒಳ್ಳೇದಂತೆ?

ಅದನ್ನು ಗಣಿಯಿಂದ ಇಡಿಯಾಗಿ ತೆಗೆಯುವುದಿಲ್ಲ, ಕಾರ್ಖಾನೆಯಲ್ಲಿ ಮಾಡುತ್ತಾರೆ. ಸುಮಾರು ನೂರಕ್ಕೆ ತೊಂಬತ್ತು ಪಾಲು ಕ್ವಾರ್ಟ್ಜ್ ಪುಡಿ, ಉಳಿದದ್ದು ರೆಸಿನ್ ಅನ್ನುವ ಅಂಟು ಮತ್ತು ಬಣ್ಣ. ಒಳಗೆ ತೂತುಗಳಿಲ್ಲದ ಕಾರಣ ಎಣ್ಣೆ ಕುಡಿಯುವುದಿಲ್ಲ, ಸೀಲರ್ ಬೇಡ, ಲಿಂಬೆರಸಕ್ಕೂ ಜಗ್ಗುವುದಿಲ್ಲ. ಇಡೀ ಕಟ್ಟೆ ಒಂದೇ ಬಣ್ಣ ಬರುತ್ತದೆ. ಇಷ್ಟೂ ನಿಜ.

ತೊಂದರೆ ಇರುವುದು ಬಿಸಿಯಲ್ಲಿ. ಸುಮಾರು 150 ಡಿಗ್ರಿ ದಾಟಿದರೆ ಆ ಅಂಟು ಸುಡಲು ಶುರುವಾಗುತ್ತದೆ, ಹಳದಿ ಮಚ್ಚೆ ಬೀಳುತ್ತದೆ, ಕೆಲವೊಮ್ಮೆ ಸೀಳುತ್ತದೆ. ರೊಟ್ಟಿ ಬೇಯುವ ಹಂಚು 200 ಡಿಗ್ರಿಗೂ ಮೇಲಿರುತ್ತದೆ. ನಮ್ಮಲ್ಲಿ ಹಂಚನ್ನು ಒಲೆಯಿಂದ ಎತ್ತಿ ಸೀದಾ ಕಟ್ಟೆ ಮೇಲೆ ಇಡುವುದೇ ರೂಢಿ. ಒಮ್ಮೆ ಇಟ್ಟರೆ ಸಾಕು, ಕಲೆ ಕಾಯಂ. ಬಿಸಿಲು ಬಡಿಯುವ ಹಿತ್ತಿಲ ಕಟ್ಟೆ, ಬಾಲ್ಕನಿ ಕಟ್ಟೆಗೂ ಇದು ಆಗುವುದಿಲ್ಲ, ಬಣ್ಣ ತಿರುಗುತ್ತದೆ. ಗಂಡ ಹೆಂಡತಿ ಇಬ್ಬರೇ ಇದ್ದು, ಅಡುಗೆ ಕಡಿಮೆ, ಪಾತ್ರೆ ಕೆಳಗೆ ಸ್ಟ್ಯಾಂಡ್ ಇಡುವ ಅಭ್ಯಾಸ ಇದೆ ಅಂದರೆ ಹಾಕಿಸಿ.

ಇನ್ನೊಂದು ಮಾತು ಹೇಳಲೇಬೇಕು. ಇದನ್ನು ಒಣದಾಗಿ ಕೊಯ್ದರೆ ಏಳುವ ಧೂಳು ಕೆಲಸಗಾರರ ಪುಪ್ಪುಸಕ್ಕೆ ಕೂತು ಸಿಲಿಕೋಸಿಸ್ ತರುತ್ತದೆ, ಅದು ವಾಸಿಯಾಗುವ ರೋಗ ಅಲ್ಲ. ಇದೇ ಕಾರಣಕ್ಕೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂಥ ಕಾರ್ಖಾನೆ ಕಲ್ಲನ್ನೇ ನಿಷೇಧಿಸಿತು. ಈ ರೋಗ ತರುವ ಸಿಲಿಕಾ ಗ್ರಾನೈಟ್ ಧೂಳಿನಲ್ಲೂ ಇದೆ, ಪ್ರಮಾಣ ಕಡಿಮೆ. ಯಾವ ಕಲ್ಲೇ ಆಗಲಿ, ನಿಮ್ಮ ಮನೆಯಲ್ಲಿ ಕೊಯ್ಯುವಾಗ ನೀರು ಬಿಟ್ಟು ಕೊಯ್ಯಲು ಹೇಳಿ. ಒಳ್ಳೆಯ ಮಾಸ್ಕ್ ಇಲ್ಲದಿದ್ದರೆ ನೀವೇ ತಂದುಕೊಡಿ. ಮನೆ ಕೆಸರಾದರೆ ಆಗಲಿ, ಒರೆಸಿಕೊಳ್ಳಬಹುದು.

ನ್ಯಾನೋ ವೈಟ್, ಕೋರಿಯನ್, ದೊಡ್ಡ ಟೈಲ್ ಸ್ಲ್ಯಾಬ್ ಇವೆಲ್ಲ ಹೇಗೆ?

ನ್ಯಾನೋ ವೈಟ್ ಹಾಲಿನಂತೆ ಬೆಳ್ಳಗಿದ್ದು ನೋಡಿದ ಕೂಡಲೇ ಮನಸ್ಸು ಹೋಗುತ್ತದೆ. ಅದು ಗಾಜಿನ ಜಾತಿ. ಅಂಚಿಗೆ ಕುಕ್ಕರ್ ತಾಗಿದರೆ ಚೂರು ಏಳುತ್ತದೆ, ಒಂದೇ ಕಡೆ ಜೋರು ಬಿಸಿ ಬಿದ್ದರೆ ಬಿರುಕು ಬಿಡುತ್ತದೆ. ಒಲೆ ಇರುವ ಕಟ್ಟೆಗೆ ನಾನು ಹೇಳುವುದಿಲ್ಲ. ಕೋರಿಯನ್ ಥರದ ಅಕ್ರಿಲಿಕ್ ಹಲಗೆಯಲ್ಲಿ ಜೋಡಣೆಯ ಗೆರೆಯೇ ಕಾಣುವುದಿಲ್ಲ, ಗೀರು ಬಿದ್ದರೆ ಉಜ್ಜಿ ತೆಗೆಯಬಹುದು. ಆದರೆ ಬಿಸಿಗೆ ತೀರಾ ಮೆತ್ತಗೆ. ವಾಶ್ ಬೇಸಿನ್ ಕಟ್ಟೆಗೆ ಚೆಂದ.

ದೊಡ್ಡ ಪೋರ್ಸೆಲೇನ್ ಸ್ಲ್ಯಾಬನ್ನು ಸುಮಾರು 1200 ಡಿಗ್ರಿಯಲ್ಲಿ ಸುಟ್ಟಿರುತ್ತಾರೆ. ಬಿಸಿ, ಹುಳಿ, ಕಲೆ ಯಾವುದಕ್ಕೂ ಅಂಜುವುದಿಲ್ಲ. ಅದರ ಚಿತ್ರ ಮೇಲ್ಮೈಗೆ ಮಾತ್ರ ಇರುತ್ತದೆ, ಅಂಚು ಕೊಯ್ದರೆ ಒಳಗಿನ ಬಣ್ಣವೇ ಬೇರೆ. ಓರೆ ಕೊಯ್ದು ಅಂಚು ಜೋಡಿಸಲು ಕೈಪಳಗಿದವರೇ ಬೇಕು. ಅಂಥ ಕೆಲಸ ಮಾಡಿದ ಮನೆಯನ್ನು ತೋರಿಸಲು ಹೇಳಿ, ನೋಡಿ ಒಪ್ಪಿಕೊಳ್ಳಿ.

ಖಾರದ ಕಲೆ ಹೋಗುವುದು ಹೇಗೆ?

ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದದ್ದೇ ಬಣ್ಣದಿಂದ. ಆ ಕೆಂಪು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಒಣ ಖಾರಪುಡಿ ಚೆಲ್ಲಿದರೆ ಗುಡಿಸಿ ತೆಗೆದರೆ ಮುಗಿಯಿತು. ಎಣ್ಣೆ ಕೂಡಿದ ಖಾರ, ಉಪ್ಪಿನಕಾಯಿ ರಸ ಬಿದ್ದರೆ ಮಾತ್ರ ಎಣ್ಣೆಯ ಜೊತೆ ಬಣ್ಣವೂ ಕಲ್ಲಿನೊಳಗೆ ಇಳಿಯುತ್ತದೆ. ಬಿಳಿ, ಕೆನೆ ಬಣ್ಣದ ಗ್ರಾನೈಟ್ ಹಾಕಿಸಿದವರ ಗೋಳು ಇದೇ.

ಕೂಡಲೇ ಒರೆಸಿ, ಪಾತ್ರೆ ಸೋಪಿನ ನೀರಿನಿಂದ ತೊಳೆದರೆ ಬಹುಪಾಲು ಹೋಗುತ್ತದೆ. ಹಳೆಯ ಎಣ್ಣೆ ಕಲೆಗೆ ಅಡುಗೆ ಸೋಡಾವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಕಲೆಯ ಮೇಲೆ ದಪ್ಪಗೆ ಮೆತ್ತಿ. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಅಂಚಿಗೆ ಟೇಪ್ ಹಚ್ಚಿ, ಒಂದು ದಿನ ಬಿಡಿ. ಆಮೇಲೆ ಹಾಳೆ ತೆಗೆದು ಪೂರ್ತಿ ಒಣಗಲು ಬಿಡಿ. ಒಣಗುತ್ತಾ ಅದು ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೆ ಮಾಡಿ. ಅರಿಷಿಣದ ಕಲೆ ಬಿಸಿಲಿಗೆ ತಾನೇ ಮಾಸುತ್ತದೆ, ಕಿಟಕಿ ಪಕ್ಕದಲ್ಲಿದ್ದರೆ ಅವಸರ ಬೇಡ.

ಕಟ್ಟೆ ಮೇಲೆ ಕುಟ್ಟಾಣಿ ಇಟ್ಟು ಕುಟ್ಟಬೇಡಿ. ಕೆಳಗೆ ಗೋಡೆ ಇಲ್ಲದ ಜಾಗದಲ್ಲಿ ಅಂತೂ ಬೇಡವೇ ಬೇಡ.

ಯಾರ್ಡ್‌ಗೆ ಹೋದಾಗ ಕಲ್ಲಿನಲ್ಲಿ ಏನೇನು ನೋಡಬೇಕು?

ಹಗಲು ಹೊತ್ತು ಹೋಗಿ, ಕಲ್ಲನ್ನು ನೆರಳಿನಿಂದ ಬೆಳಕಿಗೆ ತರಿಸಿ. ಅಡುಗೆ ಯಾರು ಮಾಡುತ್ತಾರೋ ಅವರನ್ನು ಕರೆದುಕೊಂಡೇ ಹೋಗಿ.

ಮೊದಲು ಕಲ್ಲಿನ ಮೇಲೆ ಒಂದು ತಂಬಿಗೆ ನೀರು ಸುರಿದು ಒರೆಸಿ. ಮೈಯೆಲ್ಲ ಒಣಗಿದ ಮೇಲೂ ಒಂದು ಗೆರೆ ಮಾತ್ರ ತೇವವಾಗಿ ಕಾಣುತ್ತಿದ್ದರೆ ಅಲ್ಲಿ ಸಣ್ಣ ಬಿರುಕು ಇದೆ. ಕಲ್ಲಿನಲ್ಲೇ ಇರುವ ಬಣ್ಣದ ನರ ಹೀಗೆ ನೀರು ಹಿಡಿಯುವುದಿಲ್ಲ. ಬೆನ್ನಿಗೆ ಜಾಲಿ ಅಂಟಿಸಿದ್ದರೆ ಯಾಕೆ ಅಂತ ಕೇಳಿ. ಕೆಲವು ಮೆದು ಜಾತಿಗೆ ಜಾಲಿ ಬೇಕಾಗುತ್ತದೆ, ಕೆಲವೊಮ್ಮೆ ಬಿರುಕು ಮುಚ್ಚಲೂ ಹಾಕಿರುತ್ತಾರೆ.

ಕಡುಕಪ್ಪು ಕಲ್ಲಾದರೆ ಬಿಳಿ ಬಟ್ಟೆಗೆ ಉಗುರುಬಣ್ಣ ತೆಗೆಯುವ ಅಸಿಟೋನ್ ಹಾಕಿ ಒಂದು ಕಡೆ ಜೋರಾಗಿ ಒರೆಸಿ. ಬಟ್ಟೆಗೆ ಕಪ್ಪು ಹತ್ತಿದರೆ ಅದು ಬಣ್ಣ ಹಾಕಿದ ಕಲ್ಲು. ಆ ಬಣ್ಣ ಉಳಿಯುವುದಿಲ್ಲ, ಕಟ್ಟೆ ತೇಪೆ ತೇಪೆಯಾಗಿ ಬೂದಿಯಾಗುತ್ತದೆ.

ದಪ್ಪವನ್ನು ನಾಲ್ಕೂ ಅಂಚಿನಲ್ಲಿ ಅಳೆಯಿರಿ. 18ರಿಂದ 20 ಮಿಲಿಮೀಟರ್ ಬೇಕು. ಒಂದು ತುದಿ 18, ಇನ್ನೊಂದು ತುದಿ 14 ಇರುವ ಕಲ್ಲುಗಳೂ ಬರುತ್ತವೆ. ಎರಡು ಸ್ಲ್ಯಾಬ್ ಬೇಕಾದರೆ ಒಂದೇ ಲಾಟಿನವು ಆಗಲಿ, ಅಕ್ಕಪಕ್ಕ ಇಟ್ಟು ನೋಡಿ. ಆರಿಸಿದ ಸ್ಲ್ಯಾಬ್ ಬೆನ್ನಿಗೆ ನಿಮ್ಮ ಹೆಸರು ಬರೆಸಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಮನೆಗೆ ಬರುವುದು ಅದೇ ಕಲ್ಲಾಗಿರಬೇಕು ಅಲ್ವಾ?

ಚದರ ಅಡಿ ರೇಟು ಹೇಳ್ತಾರೆ, ಬಿಲ್ ಮಾತ್ರ ಎರಡು ಪಟ್ಟು ಬರುತ್ತೆ. ಯಾಕೆ?

ಚದರ ಅಡಿ ರೇಟು ಬರೀ ಕಲ್ಲಿಗೆ. ಒಂದು ಲೆಕ್ಕ ಮಾಡಿ ನೋಡೋಣ. ಕಟ್ಟೆ ಎಲ್ ಆಕಾರ, ಒಂದು ಗೋಡೆಗೆ 10 ಅಡಿ, ಇನ್ನೊಂದಕ್ಕೆ ಮೂಲೆ ಸೇರಿ 6 ಅಡಿ, ಅಗಲ 2 ಅಡಿ. ಮೂಲೆಯನ್ನು ಎರಡು ಸಲ ಎಣಿಸಬಾರದು. ಹಾಗಾಗಿ 10 × 2 = 20, ಉಳಿದ 4 × 2 = 8, ಒಟ್ಟು 28 ಚದರ ಅಡಿ. ಆದರೆ ಸ್ಲ್ಯಾಬ್ ನಿಮ್ಮ ಅಳತೆಗೇ ಸಿಗುವುದಿಲ್ಲ. ಇಡೀ ಸ್ಲ್ಯಾಬಿಗೆ ದುಡ್ಡು ಕೊಡಬೇಕು, ಉಳಿದ ತುಂಡೂ ನಿಮ್ಮದೇ. ಅದನ್ನು ಬಿಟ್ಟು ಬರಬೇಡಿ, ಕಿಟಕಿಯ ತಳಕ್ಕೋ ವಾಶ್ ಬೇಸಿನ್‌ಗೋ ಬರುತ್ತದೆ.

ಮುಂದಿನ ಅಂಚನ್ನು ಗುಂಡಗೆ ತಿಕ್ಕುವ ಮೋಲ್ಡಿಂಗ್‌ಗೆ ರನ್ನಿಂಗ್ ಫೂಟ್, ಅಂದರೆ ಬರೀ ಉದ್ದದ ಅಡಿ ಲೆಕ್ಕ. ಈಗ ಲೆಕ್ಕ ಹಾಕಿದ ಕಟ್ಟೆಗೆ, ಮೂಲೆಯ 2 ಅಡಿ ಎರಡೂ ಕಡೆ ಕಳೆದರೆ, ಮುಂದಿನ ಅಂಚು 8 + 4 = 12 ಅಡಿ. ಎರಡು ಕಲ್ಲು ಅಂಟಿಸಿ ಅಂಚು ದಪ್ಪ ಮಾಡಿಸಿದರೆ ರೇಟು ಏರುತ್ತದೆ. ಸಿಂಕ್ ಕೊಯ್ತ, ಹಾಬ್ (ಕಟ್ಟೆಯೊಳಗೆ ಕೂರಿಸುವ ಒಲೆ) ಕೊಯ್ತ, ನಳದ ತೂತು ಒಂದೊಂದಕ್ಕೂ ಬೇರೆ. ಹಮಾಲಿ, ಕೂಡಿಸುವ ಕೂಲಿ, ಜಿಎಸ್‌ಟಿ ಬೇರೆ. ಮುಂಗಡ ಕೊಡುವ ಮುಂಚೆ ಇವಿಷ್ಟನ್ನೂ ಒಂದು ಚೀಟಿಯಲ್ಲಿ ಬರೆಸಿ ಸಹಿ ಹಾಕಿಸಿ. ದಪ್ಪ ಎಷ್ಟು ಅನ್ನುವುದೂ ಆ ಚೀಟಿಯಲ್ಲಿ ಇರಲಿ.

ನಮ್ಮದು ಎರೆ ಮಣ್ಣಿನ ಜಾಗ. ಕಟ್ಟೆ ಕಲ್ಲು ಸಿಂಕ್ ಹತ್ತಿರ ಸೀಳಿದೆ. ಕಲ್ಲಿನ ದೋಷವಾ?

ಕಲ್ಲಿನದ್ದಲ್ಲದೆ ಇರಬಹುದು. ಗದಗ, ನವಲಗುಂದ, ಹುಬ್ಬಳ್ಳಿ ಸುತ್ತಲ ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಅಡಿಪಾಯ ಗಟ್ಟಿ ನೆಲದವರೆಗೆ ಹೋಗದ ಮನೆ ವರ್ಷವರ್ಷ ಕೂದಲೆಳೆಯಷ್ಟು ಅಲುಗುತ್ತದೆ. ಗೋಡೆ ಅಲುಗಿದಾಗ ಅದಕ್ಕೆ ಸಿಮೆಂಟಿನಿಂದ ಬಿಗಿದ ಕಟ್ಟೆಯೂ ಎಳೆದಾಡುತ್ತದೆ. ಕಲ್ಲು ಬಾಗುವುದಿಲ್ಲ, ತನ್ನಲ್ಲಿ ಎಲ್ಲಿ ಬಲ ಕಡಿಮೆಯೋ ಅಲ್ಲಿ ಸೀಳುತ್ತದೆ. ಸಿಂಕ್‌ಗೆ ಕೊಯ್ದ ರಂಧ್ರದ ಮುಂದೆ ಹಿಂದೆ ಎರಡು ಮೂರು ಇಂಚಿನ ಪಟ್ಟಿ ಮಾತ್ರ ಉಳಿದಿರುತ್ತದೆ, ಸೀಳು ಅಲ್ಲೇ ಕಾಣಿಸಿಕೊಳ್ಳುತ್ತದೆ.

ಹೊಸದಾಗಿ ಕಟ್ಟಿಸುವವರು ಮೂರು ಮಾತು ಗೌಂಡಿಗೆ ಹೇಳಿ. ಕಲ್ಲು ಮತ್ತು ಗೋಡೆಯ ನಡುವೆ ಎರಡು ಮೂರು ಮಿಲಿಮೀಟರ್ ಸಂದು ಬಿಟ್ಟು, ಸಿಮೆಂಟ್ ತುಂಬದೆ ಸಿಲಿಕೋನ್ ತುಂಬಲಿ. ಸಿಂಕ್ ರಂಧ್ರದ ಒಳಮೂಲೆಗಳನ್ನು ಚೂಪಾಗಿ ಕೊಯ್ಯದೆ ಗುಂಡಗೆ ಕೊಯ್ಯಲಿ, ಸೀಳು ಹುಟ್ಟುವುದು ಚೂಪು ಮೂಲೆಯಿಂದಲೇ. ಸಿಂಕಿನ ಎರಡೂ ಪಕ್ಕ ಕೆಳಗಿನಿಂದ ಆಸರೆ ಬರಲಿ. ತುಂಬ ಉದ್ದದ ಕಟ್ಟೆಯಾದರೆ ಒಂದೇ ಕಲ್ಲಿನ ಹಟ ಬೇಡ, ಜೋಡಣೆಯೊಂದು ಇರಲಿ. ಆ ಜೋಡಣೆ ಸಿಂಕ್ ಮೇಲೆ, ಒಲೆ ಕೆಳಗೆ ಬರದಂತೆ ನೋಡಿಕೊಳ್ಳಿ.

ಸಿಂಕ್ ಕಲ್ಲಿನ ಮೇಲೆ ಕೂರಿಸಬೇಕಾ, ಕೆಳಗಾ?

ಕೆಳಗೆ ಕೂರಿಸಿದರೆ ಕಟ್ಟೆಯ ನೀರನ್ನು ಸೀದಾ ಸಿಂಕಿಗೆ ಎಳೆಯಬಹುದು, ಅಂಚಿನಲ್ಲಿ ಕೊಳೆ ಕೂರುವುದಿಲ್ಲ. ಆದರೆ ರಂಧ್ರದ ಅಂಚಿಗೂ ಪಾಲಿಶ್ ಬೇಕು, ಸಿಂಕಿಗೆ ಕೆಳಗಿನಿಂದ ಬ್ರಾಕೆಟ್ ಬೇಕು. ಬರೀ ಅಂಟಿನ ಮೇಲೆ ನಂಬಿ ಬಿಡಬೇಡಿ. ತುಂಬಿದ ಸಿಂಕ್ ಅಂದರೆ ಎಷ್ಟು ಭಾರ! ಕಟ್ಟೆಯ ಮುಂದಿನ ಅಂಚಿನ ಅಡಿಯಲ್ಲಿ ಒಂದು ಸಣ್ಣ ಗೀರು ಕೊಯ್ಯಿಸಿ. ಅಂಚಿನಿಂದ ಹರಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಕೆಳಗಿನ ಖಾನೆಯ ಬಾಗಿಲಿಗೆ ಹೋಗುವುದಿಲ್ಲ.

ಬಚ್ಚಲಿನ ವಾಶ್ ಬೇಸಿನ್ ಕಟ್ಟೆಗೆ ಯಾವುದು?

ಇಲ್ಲಿ ಬಿಸಿ ಹಂಚಿಲ್ಲ, ಖಾರದ ಎಣ್ಣೆ ಇಲ್ಲ. ಹಾಗಾಗಿ ಕ್ವಾರ್ಟ್ಜ್, ಅಕ್ರಿಲಿಕ್, ಪೋರ್ಸೆಲೇನ್ ಎಲ್ಲವೂ ನಡೆಯುತ್ತವೆ. ಶತ್ರು ಅಂದರೆ ಸವಳು ನೀರು ಮತ್ತು ಆ್ಯಸಿಡ್. ತಿಳಿ ಬಣ್ಣ ಹಾಕಿಸಿದರೆ ನೀರಿನ ಕಲೆ ಕಾಣುವುದಿಲ್ಲ. ಕಮೋಡ್ ತೊಳೆದ ಆ್ಯಸಿಡ್ ಬಾಟಲಿಯನ್ನು ಆ ಕಟ್ಟೆ ಮೇಲೆ ಇಡಬೇಡಿ, ತಳದ ಹನಿಯೇ ಮಾರ್ಬಲ್ ಮೇಲೆ ಉಂಗುರ ಬರೆಯುತ್ತದೆ. ತುಕ್ಕು ತೆಗೆಯುವ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆ್ಯಸಿಡ್ ಇರುತ್ತದೆ, ಅದು ಗ್ರಾನೈಟನ್ನೂ ತಿನ್ನುತ್ತದೆ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲಕ್ಕೆ ಹೊಸ ಸ್ಲ್ಯಾಬ್ ಕೊಳ್ಳಬೇಡಿ. ಯಾರ್ಡಿನ ತುಂಡು ಕಲ್ಲಿನ ರಾಶಿಯಲ್ಲಿ ಹುಡುಕಿ, ಅಗ್ಗಕ್ಕೆ ಸಿಗುತ್ತದೆ.

ಒಲೆ ಕೆಳಗೆ ಕಪ್ಪು ಕಲ್ಲು ಬೇಡ ಅಂತ ಹಿರಿಯರು ಹೇಳ್ತಾರೆ.

ಬಾಳಿಕೆಯಲ್ಲಿ ಕಪ್ಪಿಗೂ ಬೇರೆ ಬಣ್ಣಕ್ಕೂ ವ್ಯತ್ಯಾಸ ಇಲ್ಲ. ಆದರೆ ಮನೆಯಲ್ಲಿ ಒಬ್ಬರ ಮನಸ್ಸಿಗೆ ದಿನಾ ಚುಚ್ಚುವಂಥ ಬಣ್ಣ ಯಾಕೆ? ಹಸಿರು, ಕಂದು, ಬೂದು ಬೇಕಾದಷ್ಟಿವೆ.

ಮರದ ಕಟ್ಟೆ? ಸ್ಟೀಲ್ ಕಟ್ಟೆ?

ಧಾರವಾಡದ ಮಳೆಗಾಲದ ತಂಪಿಗೆ ಮರ ಉಬ್ಬುತ್ತದೆ, ಸಿಂಕ್ ಹತ್ತಿರ ಕಪ್ಪಾಗುತ್ತದೆ. ಊಟದ ಪಡಸಾಲೆಯ ಸಣ್ಣ ಕಟ್ಟೆಗೆ ಸಾಗವಾನಿ ಸರಿ, ಒಲೆ ಕಟ್ಟೆಗೆ ಬೇಡ. ಸ್ಟೀಲ್ ಖಾನಾವಳಿಗಳಿಗೆ ಒಳ್ಳೆಯದು, 304 ಗ್ರೇಡ್ ಕೇಳಿ. ಮನೆಯಲ್ಲಿ ಸದ್ದು ಜಾಸ್ತಿ. ಕೆಳಗಿನ ಖಾನೆಗೆ ಪ್ಲೈವುಡ್ ಹಾಕಿಸುವುದಿದ್ದರೆ ಐಎಸ್ 710 ಗುರುತಿನ ಮರೀನ್ ಪ್ಲೈ ನೋಡಿ ತನ್ನಿ.

ಸೀಲರ್ ಹಾಕಿಸಲೇಬೇಕಾ?

ಮನೆಗೆ ತಂದ ಚೂರಿನ ಮೇಲೆ ನೀರಿನ ಹನಿ ಹಾಕಿ ನೋಡಿದಿರಲ್ಲ, ಉತ್ತರ ಅಲ್ಲೇ ಸಿಗುತ್ತದೆ. ಗಟ್ಟಿ ಕಪ್ಪು ಕಲ್ಲುಗಳಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ತಿಳಿ ಬಣ್ಣದವಕ್ಕೆ ಕೂಡಿಸಿದ ಮೇಲೆ ಒಮ್ಮೆ, ಆಮೇಲೆ ನೀರಿನ ಹನಿ ಮತ್ತೆ ಇಂಗಲು ಶುರುವಾದಾಗ ಒಮ್ಮೆ ಹಚ್ಚಿಸಿ. ಒಳಗೆ ಇಳಿಯುವ ಜಾತಿಯದ್ದೇ ತನ್ನಿ. ಮೇಲೆ ವಾರ್ನಿಶ್ ಥರ ಕೂರುವುದು ಬಿಸಿಗೆ ಸುಲಿಯುತ್ತದೆ.

ಹಳೆ ಕಟ್ಟೆ ಒಡೆಯದೆ ಮೇಲೆಯೇ ಹೊಸ ಕಲ್ಲು ಹಾಕಬಹುದಾ?

ಕೆಳಗಿನ ಕಟ್ಟೆ ಗಟ್ಟಿಯಾಗಿ, ಸಮವಾಗಿ ಇದ್ದರೆ ಹಾಕಬಹುದು. ಎತ್ತರ ಒಂದು ಇಂಚಿಗಿಂತ ಜಾಸ್ತಿ ಏರುತ್ತದೆ ಅನ್ನುವುದು ನೆನಪಿರಲಿ. ಮೊದಲೇ ಎತ್ತರ ಇದ್ದ ಕಟ್ಟೆಯಾದರೆ ಒಡೆಸುವುದೇ ಸರಿ. ಸಿಂಕ್ ಕೆಳಗಿನ ಪೈಪ್ ಜೋಡಣೆಯನ್ನೂ ಬದಲಿಸಬೇಕಾಗಬಹುದು, ಪ್ಲಂಬರ್‌ನನ್ನು ಮೊದಲೇ ಕರೆದು ತೋರಿಸಿ.

ಅಂಚಿನ ಚೂರು ಹಾರಿಹೋಗಿದೆ. ಇಡೀ ಕಲ್ಲು ಬದಲಿಸಬೇಕಾ?

ಬೇಡ. ಹಾರಿದ ಚೂರು ಸಿಕ್ಕಿದ್ದರೆ ಎತ್ತಿಡಿ, ಎಪಾಕ್ಸಿ ಅನ್ನುವ ಅಂಟಿನಿಂದ ಕೂರಿಸುತ್ತಾರೆ. ಸಿಗದಿದ್ದರೆ ಕಲ್ಲಿನ ಬಣ್ಣಕ್ಕೆ ಕಲಸಿದ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ತಿಕ್ಕಿ ಪಾಲಿಶ್ ಮಾಡುತ್ತಾರೆ. ಚುಕ್ಕೆ ಕಲ್ಲಾದರೆ ತೇಪೆ ಹಾಕಿದ್ದು ಗೊತ್ತೇ ಆಗುವುದಿಲ್ಲ, ಅಚ್ಚ ಕಪ್ಪಿನಲ್ಲಿ ಸ್ವಲ್ಪ ಕಾಣುತ್ತದೆ. ಕೆಲಸ ಮುಗಿದ ಮೇಲೆ ಒಂದು ದಿನ ಆ ಜಾಗಕ್ಕೆ ನೀರು, ಬಿಸಿ ಪಾತ್ರೆ ತಾಗಿಸಬೇಡಿ.